ಕರಿ ಉಣ್ಣೆಯ ಗಂಟು

ಎಳೆ ಕರಿ ಉಣ್ಣೆಯದು. ಮೂರು ಸುತ್ತು ಸುತ್ತಿ, ಕೊನೆಯ ಸುತ್ತನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ತಂದು, ತುದಿಯನ್ನು ಅದರಡಿ ತೂರಿಸಿ, ಬೆರಳನ್ನು ಹೊರಗೆಳೆದರೆ ಗಂಟು ತಾನೇ ಕೂರುತ್ತದೆ. ಎಷ್ಟು ಅಲುಗಾಡಿಸಿದರೂ ಸಡಿಲವಾಗುವುದಿಲ್ಲ. ಗಿಡ್ಡ ತುದಿಯನ್ನು ಹಿಡಿದು ಒಮ್ಮೆ ಜಗ್ಗಿದರೆ ಮಾತ್ರ ಇಡೀ ಗಂಟು ಸದ್ದಿಲ್ಲದೆ ಕಳಚಿ ಬರುತ್ತದೆ. ಈ ಗಂಟು ಹಾಕಲು ನನಗೆ ಬರುತ್ತದೆ. ಕಲಿಸಿದವರು ಹೋದ ತಿಂಗಳು ತೀರಿಕೊಂಡರು.

ಅವರು ಕೊಟ್ಟೂರಿನಲ್ಲಿ, ಕೂಡ್ಲಿಗಿ ರಸ್ತೆಯ ಮೇಲೆ ಗ್ಯಾರೇಜು ಇಟ್ಟಿದ್ದರು. ಊರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಗಾಡಿಯಡಿ ಮಲಗಲು ಬೇರೆ ಮೇಸ್ತ್ರಿಗಳು ರಟ್ಟು ಹಾಸಿಕೊಂಡರೆ ಅವರು ಕರಿ ಕಂಬಳಿ ಹಾಸಿಕೊಳ್ಳುತ್ತಿದ್ದರು. ಜೋಡಿ ಮಾಡಿದ ಸಾಮಾನು ಕಟ್ಟಲು ಎಳೆ ಬೇಕಾದಾಗ ಆ ಕಂಬಳಿಯ ಅಂಚಿನಿಂದಲೇ ಕೀಳುವರು. ಹೀಗಾಗಿ ಕಂಬಳಿ ವರ್ಷ ವರ್ಷಕ್ಕೆ ಗಿಡ್ಡವಾಗುತ್ತ ಬಂದು, ನಾನು ನೋಡುವ ಹೊತ್ತಿಗೆ ಅವರ ಮೊಣಕಾಲಿನ ಕೆಳಗಿನದೆಲ್ಲ ಬರೀ ನೆಲದ ಮೇಲಿರುತ್ತಿತ್ತು.

ಒಮ್ಮೆ ಟೆಂಪೋದವನೊಬ್ಬ ಬಂದು, "ಮೇಸ್ತ್ರಿ, ಗಾಡಿ ಎಡಕ್ಕ ಎಳೀತೈತಿ ನೋಡ್ರಿ" ಅಂದ.

"ಎಡಕ್ಕ ನಿನ್ನ ಬೀಗರ ಮನಿ ಐತೇನಲೇ?" ಎಂದು ಇವರು ಕಂಬಳಿಯ ಮೇಲಿನಿಂದಲೇ ಕೇಳಿದರು.

"ಅದು ಬಲಕ್ಕ ಐತ್ರಿ."

"ಹಂಗಾರ ಗಾಡಿಗಿ ನಿನಗಿಂತ ಬುದ್ಧಿ ಐತಿ ಬಿಡು."

ಟೆಂಪೋದವನು ನಕ್ಕು ಮುಗಿಸುವುದರೊಳಗೆ ಇವರು ಮುಂದಿನ ಚಕ್ರದ ಹಿಂದೆ ಕೈ ತೂರಿಸಿ ಕಣ್ಣು ಮುಚ್ಚಿದ್ದರು. ಅವರು ಯೋಚಿಸುತ್ತಿದ್ದುದು ಹಾಗೆ. ಎರಡು ಸಾಮಾನು ಒಂದಕ್ಕೊಂದು ಜೋಡಿಯೋ ಅಲ್ಲವೋ ತಿಳಿಯಬೇಕಾದರೆ ಎರಡನ್ನೂ ಬೆನ್ನ ಹಿಂದೆ ಒಯ್ದು, ಬೆರಳಿನಿಂದ ತಡವಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲುವರು. ನೋಡುವವರಿಗೆ ಬಸ್ಸಿಗೆ ಕಾಯುತ್ತಿರುವಂತೆ ಕಾಣುತ್ತಿತ್ತು.

ಅವರದು ಹಂಪಸಾಗರದ ಕಡೆಯ ಕುರಿ ಸಾಕುವ ಮನೆತನ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಹಿಂಡಿನ ಜೊತೆ ತಿರುಗಿದವರು. ಎಳೆಯ ಮರಿಗಳನ್ನು ಹಗಲು ಗೂಡಿನಲ್ಲಿ ಕೂಡಿಹಾಕಿ ತಾಯಿಗಳನ್ನು ಮೇಯಿಸಲು ಒಯ್ಯುತ್ತಾರಂತೆ. ಸಂಜೆ ಹಿಂಡು ಮರಳಿದಾಗ ಒಂದೊಂದು ಮರಿಯನ್ನೂ ಅದರ ತಾಯಿಗೇ ಬಿಡಬೇಕು. ತಪ್ಪಿದರೆ ಕುರಿ ಒದೆಯುತ್ತದೆ, ಮರಿ ಉಪವಾಸ ಬೀಳುತ್ತದೆ. ಆ ಕೆಲಸ ಇವರದಾಗಿತ್ತು.

"ಕಣ್ಣಿಗೆ ಎಲ್ಲಾ ಮರಿ ಒಂದ ಥರ ಕಾಣ್ತಾವ ಯವ್ವ," ಎಂದು ನನಗೆ ಹೇಳಿದ್ದರು. "ಕಿವಿ ಬುಡಕ್ಕ ಕೈ ಹಾಕಬೇಕು. ತಾಯಿ ಕಿವಿ ಹೆಂಗ ಮಡಚಿರ್ತೈತಿ, ಮರೀದೂ ಹಂಗ ಮಡಚಿರ್ತೈತಿ. ಕತ್ತಲಾಗಿದ್ರ ಇನ್ನಾ ಚಲೋ. ಕಣ್ಣು ಅಡ್ಡ ಬರಂಗಿಲ್ಲ."

ಇನ್ನೊಂದು ಮಾತನ್ನೂ ಹೇಳಿದ್ದರು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸಬೇಕಾದರೆ ಸತ್ತ ಮರಿಯ ಚರ್ಮವನ್ನು ಅದಕ್ಕೆ ಹೊದಿಸುತ್ತಾರೆ. ವಾಸನೆ ಹಿಡಿದು ಕುರಿ ಒಪ್ಪಿಕೊಳ್ಳುತ್ತದೆ. "ಬಾಗಲದಾಗ, ಗೇರಿನಾಗ ನಾನೂ ಹಂಗ ಚರ್ಮ ಹೊದಿಸಿ ಎಷ್ಟೋ ಬ್ಯಾರೆ ಗಾಡಿ ಸಾಮಾನು ಕೂರಿಸೀನಿ. ಸ್ಟೇರಿಂಗಿಗೆ ಮಾತ್ರ ಬ್ಯಾಡ. ನೆಟ್ಟಗಿನ ದಾರ್ಯಾಗ ಒಪ್ಪತೈತಿ, ಹೊಳ್ಳೂವಾಗ ಒದೀತೈತಿ."

ನಾನು ಅವರನ್ನು ಅರಿತದ್ದು ಆರು ವರ್ಷದ ಹಿಂದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಮನೆಯಲ್ಲಿ ಕೂತಿದ್ದ ವರ್ಷ ಅದು. ಅಪ್ಪನದು ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ತಾತನ ಕಾಲದ ಸಣ್ಣ ಕಾರೊಂದು ಚೀಲಗಳ ನಡುವೆ ನಿಂತಿತ್ತು. ಎರಡು ಬಾಗಿಲು, ದುಂಡು ಬೆನ್ನು. ಊರವರು ಅದಕ್ಕೆ ಆಮಿ ಎಂದು ಹೆಸರಿಟ್ಟಿದ್ದರಂತೆ. ನಿಜವಾದ ಆಮೆಯ ಹಾಗೆಯೇ ಅದೂ ತಲೆ ಒಳಗೆಳೆದುಕೊಂಡು ಎಷ್ಟೋ ವರ್ಷ ಅಲ್ಲೇ ಇತ್ತು. ಅಜ್ಜಿಗೆ ಒಂದು ಆಸೆ: ಆಮಿಯಲ್ಲಿ ಕೂತು ಇನ್ನೊಮ್ಮೆ ಬಾಗಳಿಯ ಕಲ್ಲೇಶ್ವರನ ಗುಡಿಗೆ ಹೋಗಿಬರಬೇಕು, ತಾತನೊಂದಿಗೆ ಹೋಗುತ್ತಿದ್ದ ಹಾಗೆ. ಅಪ್ಪ ಕಾರನ್ನು ಮೇಸ್ತ್ರಿಗೆ ಒಪ್ಪಿಸಿದರು. ಅದರ ಬಿಡಿ ಸಾಮಾನಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನನ್ನನ್ನು ಕಳಿಸಿದರು.

ಮೂರು ತಿಂಗಳು ದಿನವೂ ಹನ್ನೊಂದು ಗಂಟೆಗೆ ಹೋಗುತ್ತಿದ್ದೆ. ಬೋರಲು ಹಾಕಿದ ಬ್ಯಾಟರಿ ಡಬ್ಬವನ್ನು ಒರೆಸಿ ಕೂರಲು ಕೊಡುವರು. ನನಗೆ ಮಾತು ಕಡಿಮೆ. ಮನೆಗೆ ಬಂದವರೆಲ್ಲ ಅದನ್ನು ಎತ್ತಿ ಆಡುತ್ತಾರೆ. ಅವರು ಆಡಲಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ, "ಮಾತು ಬ್ಯಾಸರಾದ್ರ ಸುಮ್ಕ ಕುಂದರು ಯವ್ವ. ನನ್ನ ಕಬ್ಬಣಾನೂ ಮಾತಾಡಂಗಿಲ್ಲ" ಅಂದರು. ಅಷ್ಟು ಆರಾಮಾಗಿ ನಾನು ಬೇರೆ ಎಲ್ಲಿಯೂ ಕೂತಿರಲಿಲ್ಲ.

ಆ ಕಾರಿನ ದೊಡ್ಡ ತೊಂದರೆ ಸ್ಟೀರಿಂಗಿನದು. ಚಕ್ರದಿಂದ ಸ್ಟೀರಿಂಗಿನ ಅಡ್ಡ ಸರಳಿಗೆ ಹೋಗುವ, ಅಂಗೈಗಿಂತ ತುಸು ಉದ್ದನೆಯ ಕಬ್ಬಿಣದ ತುಂಡೊಂದಿದೆ. ಅದಕ್ಕೆ ಆರ್ಮ್ ಎನ್ನುತ್ತಾರೆ. ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ನಮ್ಮ ಕಾರಿನ ಎರಡನ್ನೂ ಯಾರೋ ಬಗ್ಗಿಸಿ ಬೆಸುಗೆ ಹಾಕಿ ಕೆಡಿಸಿದ್ದರು. ಮೇಸ್ತ್ರಿ ದಾವಣಗೆರೆಯ ಗುಜರಿಗೆ ಹೋಗಿ ಒಂದು ಚೀಲ ತಂದರು. ಅದರಲ್ಲಿ ಅದೇ ಜಾತಿಯ ಎರಡು ಕಾರುಗಳ ನಾಲ್ಕು ಆರ್ಮ್ ಇದ್ದವು: ಎರಡು ಎಡ, ಎರಡು ಬಲ. ಪುಸ್ತಕದ ಪ್ರಕಾರ ಈ ಕಾರು ಎರಡು ಬಗೆಯಲ್ಲಿ ಬಂದಿತ್ತು, ಎರಡರ ಆರ್ಮಿಗೂ ತುಸು ಫರಕು, ಬೆರೆಸಬಾರದು. ನಂಬರು ನೋಡಿ ಬೇರ್ಪಡಿಸಿರಿ ಎಂದಿತ್ತು. ನಂಬರುಗಳನ್ನು ತುಕ್ಕು ತಿಂದಿತ್ತು.

ಮೇಸ್ತ್ರಿ ನಾಲ್ಕನ್ನೂ ಸೀಮೆಎಣ್ಣೆಯಲ್ಲಿ ತೊಳೆದರು. ಬೆನ್ನ ಹಿಂದೆ ಕೈ ಕಟ್ಟಿ ರಸ್ತೆ ನೋಡುತ್ತ ಒಂದು ಮಧ್ಯಾಹ್ನವೆಲ್ಲ ನಿಂತರು. ಆಮೇಲೆ ಹಳೆಯ ಕಿಟಕಿ ಗಾಜೊಂದರ ಮೇಲೆ ಇಟ್ಟು ನೋಡಿ ಎರಡು ಜೋಡಿ ಮಾಡಿದರು. ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ, ನಮ್ಮ ಕಾರಿಗೆ ಹಾಕಬೇಕಾದ ಜೋಡಿಯನ್ನು ಕರಿ ಉಣ್ಣೆಯಿಂದಲೂ ಉಳಿದದ್ದನ್ನು ಬಿಳಿ ನೂಲಿನಿಂದಲೂ ಕಟ್ಟಿದರು. ಗಂಟು ಹಾಕುವುದನ್ನು ನನಗೆ ಕಲಿಸಿದ್ದು ಅವತ್ತು.

"ಒಮ್ಮಿ ಕಟ್ಟಿದ್ದನ್ನ ಮತ್ತ ಬಿಚ್ಚಿ ನೋಡಬಾರದು," ಅಂದರು. "ಅನುಮಾನ ಹತ್ತಿದ್ರ ಕೈ ಕೆಡತೈತಿ."

ಮರುದಿನ ಅವರ ಅಕ್ಕನಿಗೆ ಆರಾಮಿಲ್ಲವೆಂದು ಹಂಪಸಾಗರದಿಂದ ಫೋನು ಬಂತು. ಎರಡು ದಿನ ಬರುವುದಿಲ್ಲ ಎಂದು ಹೇಳಿ, ಬಾಗಿಲ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋದರು.

ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ವಿಶ್ವವಿದ್ಯಾಲಯದಲ್ಲಿದ್ದಾಗ ಪ್ರಾಜೆಕ್ಟಿಗೆಂದು ಕೊಂಡ, ಮಿಲಿಮೀಟರಿನ ನೂರನೇ ಒಂದು ಪಾಲನ್ನೂ ತೋರಿಸುವ ಡಿಜಿಟಲ್ ವರ್ನಿಯರ್ ನನ್ನ ಬಳಿ ಇತ್ತು. ಅದನ್ನು ಒಯ್ದೆ. ಎರಡೂ ಗಂಟು ಜಗ್ಗಿ ಕಳಚಿದೆ. ನಾಲ್ಕೂ ಆರ್ಮಿನ ತೂತಿನಿಂದ ತೂತಿಗೆ ಇದ್ದ ದೂರವನ್ನು ಮೂರು ಮೂರು ಸಲ ಅಳೆದು ಪಟ್ಟಿ ಮಾಡಿದೆ. ಕರಿ ಎಳೆಯ ಎಡದ್ದಕ್ಕೂ ಬಿಳಿ ಎಳೆಯ ಬಲದ್ದಕ್ಕೂ ಒಂದು ಕೂದಲಿನಷ್ಟೂ ಫರಕಿರಲಿಲ್ಲ. ಕರಿ ಎಳೆಯ ಎರಡರ ನಡುವೆ ಸುಮಾರು ಅರ್ಧ ಮಿಲಿಮೀಟರ್ ಫರಕಿತ್ತು. ಅದು ತೂತು ಸವೆದದ್ದರಿಂದ ಬಂದದ್ದು ಎಂದು ಈಗ ಗೊತ್ತಿದೆ. ಆಗ ನನಗೆ ಕಂಡದ್ದು ಇಷ್ಟೇ: ಅವರ ಕೈ ತಪ್ಪಿತ್ತು, ನನ್ನ ಅಳತೆ ಸರಿಯಿತ್ತು. ಅವರು ಬಂದ ಮೇಲೆ ಪಟ್ಟಿ ತೋರಿಸಿ ಕೇಳಬಹುದಿತ್ತು. ಕೇಳಿದರೆ ವಾದ ಮಾಡಬೇಕಾಗುತ್ತದೆ. ನನಗೆ ವಾದ ಆಗದು. ಕರಿ ಎಳೆಯ ಎಡದ್ದಕ್ಕೆ ಬಿಳಿ ಎಳೆಯ ಬಲದ್ದನ್ನು ಜೋಡಿ ಮಾಡಿ ಕರಿ ಎಳೆಯಿಂದಲೂ, ಉಳಿದೆರಡನ್ನು ಬಿಳಿ ನೂಲಿನಿಂದಲೂ ಮತ್ತೆ ಕಟ್ಟಿದೆ. ಮೂರು ಸುತ್ತು, ಉಗುರಿನ ಮೇಲೆ. ಗಂಟು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವರಿಗೇ ಗುರುತು ಸಿಗಲಿಲ್ಲ.

ಆರ್ಮಿನ ಬಾಗನ್ನು ನಾನು ಅಳೆದಿರಲಿಲ್ಲ. ಎರಡು ಬಗೆಯ ಕಾರುಗಳ ಫರಕು ಇದ್ದದ್ದೇ ಬಾಗಿನಲ್ಲಿ. ವರ್ನಿಯರಿನಿಂದ ಅದು ಅಳೆಯಲು ಬರುವುದಿಲ್ಲ. ಅಳೆಯಲು ಬಾರದ್ದನ್ನು ನಾನು ಇಲ್ಲವೆಂದುಕೊಂಡಿದ್ದೆ.

ಅವರು ಬಂದು, ಕಾರಿನಡಿ ಮಲಗಿ, ಎಳೆ ಜಗ್ಗಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಕೂರಿಸಿದರು. ಅಂಗಳದಲ್ಲಿ ಒಂದು ಸುತ್ತು ಹಾಕಿಸಿದಾಗ ಎಡಕ್ಕೆ ಹೊರಳುವಾಗ ಟೈರು ಸಣ್ಣಗೆ ಕಿರುಗುಟ್ಟಿತು. ಅವರು ತಲೆ ಓರೆ ಮಾಡಿ ಕೇಳಿದರು. ಆಮೇಲೆ, "ಹೊಸಾ ಬುಷ್ಶು, ಬಿಗಿ ಐತಿ. ನಾಕು ದಿನಕ್ಕ ಸಡಲತೈತಿ" ಅಂದರು. ಕಟ್ಟಿದ ಜೋಡಿಯ ಮೇಲೆ ಅವರಿಗೆ ಅನುಮಾನ ಬರಲು ಸಾಧ್ಯವಿರಲಿಲ್ಲ. ನನಗೆ ಬರಬಹುದಿತ್ತು. ನಾನು ಡಬ್ಬದ ಮೇಲೆ ಕೂತು ಪುಸ್ತಕದ ಹಾಳೆ ತಿರುವುತ್ತಿದ್ದೆ.

ಬಾಗಳಿಗೆ ಹೊರಟ ದಿನ ಮೇಸ್ತ್ರಿಯೇ ಕಾರು ನಡೆಸಿದರು. ಪಕ್ಕದಲ್ಲಿ ಅಪ್ಪ, ಹಿಂದೆ ಅಜ್ಜಿ ಮತ್ತು ನಾನು. ನೆಟ್ಟಗಿನ ರಸ್ತೆಯಲ್ಲಿ ಆಮಿ ಒಪ್ಪವಾಗಿ ಓಡಿತು. ಅಜ್ಜಿ ದಾರಿಯುದ್ದಕ್ಕೂ ತಾತನ ಡ್ರೈವಿಂಗನ್ನು ಬೈಯುತ್ತಿದ್ದಳು. "ಅವರು ಎಮ್ಮಿ ಕಂಡ್ರೂ ಹಾರ್ನು ಹೊಡೀತಿದ್ರು, ಎಮ್ಮಿ ಸೆಗಣಿ ಕಂಡ್ರೂ ಹೊಡೀತಿದ್ರು." ಊರೊಳಗೆ ಗುಡಿಯ ಕಡೆಗೆ ಎಡಕ್ಕೆ ಒಂದು ಇಕ್ಕಟ್ಟಿನ ತಿರುವು. ಅಲ್ಲಿ ಎರಡು ಚಕ್ರಗಳೂ ಒಂದಕ್ಕೊಂದು ಜಗಳವಾಡಿದವು. ಟೈರು ಕಿರುಚಿತು, ಕಾರು ಹೊರಳಬೇಕಾದಷ್ಟು ಹೊರಳದೆ ನೇರ ಹೋಗಿ ಕಲ್ಲುಚಪ್ಪಡಿಯ ಬೇಲಿಗೆ ಗುದ್ದಿತು. ಟೈರು ಕಿರುಚಿದ ಗಳಿಗೆಯಲ್ಲೇ ನನಗೆ ತಿಳಿದಿತ್ತು. ಅಜ್ಜಿ ಮುಂದಿನ ಸೀಟಿಗೆ ಕೈ ಊರಿ ಬಿದ್ದಳು. ಬಲಗೈ ಮುಂಗೈ ಮುರಿಯಿತು.

ಮೇಸ್ತ್ರಿ ಹಿಂದಿನಿಂದ ಅಜ್ಜಿಯನ್ನು ಎತ್ತಿ ಇಳಿಸಿದರು. "ಅಮ್ಮಾರ, ನನ್ನಿಂದ ತಪ್ಪಾತ್ರಿ," ಎಂದು ಮತ್ತೆ ಮತ್ತೆ ಅಂದರು. ಅಜ್ಜಿ ನೋವಿನಲ್ಲೂ, "ಇರ್ಲಿ ಬಿಡಪ್ಪ, ಇವಳ ತಾತನೂ ಇದನ್ನ ಗ್ವಾಡಿಗಿ ಗುದ್ದ್ಯಾರ" ಎಂದಳು. ನಾನು ಸೀಟಿನಡಿ ಅಜ್ಜಿಯ ಚಪ್ಪಲಿ ಹುಡುಕುತ್ತಿದ್ದೆ.

ಮರುದಿನ ಅಪ್ಪ ಗ್ಯಾರೇಜಿಗೆ ಹೋದರು. ನಾನೂ ಹೋದೆ. ಹೇಳಬೇಕೆಂದೇ ಹೋಗಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಮೇಸ್ತ್ರಿ ಆಗಲೇ ಆರ್ಮುಗಳನ್ನು ಬಿಚ್ಚಿ ಗಾಜಿನ ಮೇಲೆ ಇಟ್ಟಿದ್ದರು. ಒಂದು ಆರ್ಮ್ ಗಾಜಿಗೆ ಅಂಟಿ ಮಲಗಿತ್ತು. ಇನ್ನೊಂದರ ತುದಿಯಡಿ ಉಗುರು ತೂರುವಷ್ಟು ಸಂದಿ ಇತ್ತು.

"ಜೋಡಿ ತಪ್ಪೈತ್ರಿ ಸಾವ್ಕಾರ್ರ," ಅಂದರು. "ಕಟ್ಟಿದ್ದು ನಾನ. ಬ್ಯಾರೆ ಯಾರೂ ಅಲ್ಲ."

ಅಲ್ಲಿ ಐದಾರು ಜನ ಇದ್ದರು. ಚಹಾದವನೂ ನಿಂತಿದ್ದ. ಅಪ್ಪ ಸಾಮಾನ್ಯವಾಗಿ ದನಿ ಎತ್ತುವವರಲ್ಲ. ಆ ದಿನವೂ ಎತ್ತಲಿಲ್ಲ. "ಕುರಿ ಕಾಯೋ ಕೈಯಾಗ ಕಾರು ಕೊಟ್ನಲ್ಲ, ನನ್ನ ಬುದ್ಧಿಗಿ ಏನನ್ನಬೇಕು," ಅಂದರು.

ಮೇಸ್ತ್ರಿ ತಮ್ಮ ಕೈಗಳನ್ನು ನೋಡಿಕೊಂಡರು. "ಕುರಿ ಜೋಡಿ ಎಂದೂ ತಪ್ಪಿಲ್ರಿ ಸಾವ್ಕಾರ್ರ. ಕಬ್ಬಣ ತಪ್ಪಿತು."

ಆಗ ಒಂದು ವಾಕ್ಯ ಸಾಕಾಗಿತ್ತು. ನನಗೆ ಮಾತು ಕಡಿಮೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆ ದಿನ ಅದು ನನಗೆ ಅನುಕೂಲವಾಯಿತು.

ಅವರು ಆಮೇಲೆ ಸರಿಯಾದ ಜೋಡಿ ಹಾಕಿ ಕಾರನ್ನು ಮನೆಗೆ ತಲುಪಿಸಿದರು. ಆದರೆ ಮಾತು ಊರಲ್ಲಿ ನಿಂತಿತು. ಎತ್ತು ಸರಿಜೋಡಿಯಾಗದಿದ್ದರೂ, ಗಂಡ ಹೆಂಡತಿಗೆ ಕೂಡಿಬರದಿದ್ದರೂ, "ಮೇಸ್ತ್ರಿ ಜೋಡಿ ಕಟ್ಟಿದಂಗ ಆತು" ಎನ್ನತೊಡಗಿದರು. ನಮ್ಮ ಅಂಗಡಿಯ ಕಟ್ಟೆಯ ಮೇಲೇ ನಾನಿದನ್ನು ಎರಡು ಸಲ ಕೇಳಿದ್ದೇನೆ.

ಮರುವರ್ಷ ನನಗೆ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕೆಲಸವಾಯಿತು. ವಾರವೆಲ್ಲ ಅಲ್ಲಿದ್ದು, ಭಾನುವಾರ ಊರಿಗೆ ಬರುತ್ತಿದ್ದೆ. ಸೇರಿದ ಎರಡನೇ ತಿಂಗಳು ಗೇಟಿನ ವಾಚ್‌ಮನ್ ಬಂದು ಯಾರೋ ಕಾಯುತ್ತಿದ್ದಾರೆ ಎಂದ. ಮೇಸ್ತ್ರಿ ಬೇವಿನ ಮರದ ಕೆಳಗೆ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಯಾವುದೋ ಜೀಪಿನ ಎರಡು ಆರ್ಮ್, ಅವುಗಳ ಮೇಲೆ ಸುತ್ತದೆ ಇಟ್ಟ ಒಂದು ಕರಿ ಎಳೆ.

"ನಿಮ್ಮ ಕಾಲೇಜಿನಾಗ ಅಳಿಯೋದೊಂದು ಇರ್ತೈತಂತಲ್ರಿ ಮೇಡಮ್ಮಾರ. ಅದರಾಗ ಹಾಕಿ ಸರಿ ಐತಿ ಅಂದ್ರ ಕಟ್ತೀನಿ. ನನ್ನ ಕೈ ಈಗ ನಂಬಿಗಿಲ್ಲ."

ಅದುವರೆಗೆ ನಾನು ಅವರಿಗೆ ಯವ್ವ ಆಗಿದ್ದೆ.

ಲ್ಯಾಬಿಗೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಎಣ್ಣೆ ತಾಗಬಾರದೆಂದು ತಾವೇ ತಂದ ಪೇಪರು ಹಾಸಿದರು. ಆ ಹೊತ್ತಿಗೆ ನಾನು ಬಾಗನ್ನು ಅಳೆಯುವುದನ್ನೂ ಕಲಿತಿದ್ದೆ. ಗ್ರಾಫ್ ಹಾಳೆಯ ಮೇಲೆ ಅಂಚು ಬರೆದು, ಕೋನ ಹಿಡಿದು, ಎಲ್ಲ ನೋಡಿದೆ. ಅವರು ಸ್ಟೂಲಿನ ತುದಿಯಲ್ಲಿ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ವರ್ನಿಯರಿನ ಅಂಕಿಗಳನ್ನೇ ನೋಡುತ್ತಿದ್ದರು.

"ಇದು ಸುಳ್ಳು ಹೇಳಂಗಿಲ್ಲಲ್ರಿ?"

"ಇದು ಹೇಳೋದಿಲ್ಲ," ಎಂದೆ.

ಜೋಡಿ ಸರಿಯಾಗಿತ್ತು. ಹೇಳಿದೆ. ಅವರು ಅಲ್ಲೇ ಎಳೆ ಸುತ್ತಿ, ಹೆಬ್ಬೆರಳಿನ ಉಗುರಿನ ಮೇಲೆ ಗಂಟು ಹಾಕಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಬಸ್ಸು ಹಿಡಿದು ಹೋದರು.

ಐದು ವರ್ಷಗಳಲ್ಲಿ ಹದಿನೇಳು ಸಲ ಬಂದರು. ನಾನು ಬರೆದಿಟ್ಟಿದ್ದೇನೆ. ಹದಿನೇಳು ಸಲವೂ ಅವರ ಕೈ ಸರಿಯಾಗಿಯೇ ಇತ್ತು. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದುಕೊಂಡು, "ಸರಿ ಐತ್ರಿ" ಎಂದಷ್ಟೇ ಹೇಳಿ ಕಳಿಸಿದೆ. ಗಿರಾಕಿಗಳಿಗೆ ಅವರು, "ಮೇಡಮ್ಮಾರ ಅಳತಿ ಆಗೇತಿ, ಹೆದರಬ್ಯಾಡ" ಎಂದು ಹೇಳುತ್ತಾರೆಂದು ಯಾರಿಂದಲೋ ತಿಳಿಯಿತು. ಅವರ ಮಾತಿಗೆ ನನ್ನ ಹೆಸರು ಜಾಮೀನಾಗಿತ್ತು. ಒಮ್ಮೆ ಮಾತ್ರ, ಎಷ್ಟನೆಯ ಸಲವೋ, "ಅಷ್ಟೂ ಸಲ ನಿಮ್ಮ ಕೈ ಸರಿ ಇದೆಯಲ್ಲ, ಇನ್ನು ಇಷ್ಟು ದೂರ ಯಾಕೆ ಬರ್ತೀರಿ?" ಎಂದು ಕೇಳಿದೆ. ಅವರು ಎಳೆಯ ತುದಿ ಸರಿಮಾಡುತ್ತ, "ಆವಾಗೂ ಸರಿ ಐತಿ ಅಂತನ ಕಟ್ಟಿದ್ನೆಲ್ರಿ" ಅಂದರು.

ಅವರು ತೀರಿಕೊಂಡ ದಿನ ಮನೆಯ ಮುಂದೆ ಜನ ಸೇರಿದ್ದರು. ಒಳ್ಳೆಯ ಮನುಷ್ಯ, ಕುಡಿಯುತ್ತಿರಲಿಲ್ಲ, ಯಾರ ಗಾಡಿಯನ್ನೂ ಸುಮ್ಮನೆ ಬಿಚ್ಚಿ ಹಾಕುತ್ತಿರಲಿಲ್ಲ ಎಂದೆಲ್ಲ ಮಾತು ನಡೆದಿತ್ತು. "ಕಡೀಕಡೀಕ ಕೈ ಹೋಗಿತ್ತು ಪಾಪ," ಎಂದು ಒಬ್ಬರು ಸೇರಿಸಿದರು. ಉಳಿದವರು ತಲೆಯಾಡಿಸಿದರು. ನಾನು ಹೆಂಗಸರ ನಡುವೆ ನಿಂತಿದ್ದೆ.

ಹದಿನೈದು ದಿನ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವರ ಸೊಸೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅದೇ ಬಟ್ಟೆಯ ಗಂಟು. "ಮಾವಾರು ನಿಮ್ಮ ಕಡಿ ತರಬೇಕಂತ ಕಟ್ಟಿ ಇಟ್ಟಿದ್ರು. ಹೊಳಲಿನೋರು ಯಾರೋ ಹಳೇ ಕಾರು ಮಾಡಸಾಕಹತ್ಯಾರಂತ. ನೀವು ಅಳದು ಸರಿ ಐತಿ ಅಂದ್ರ ಗ್ಯಾರೇಜಿನೋರು ಹಾಕ್ತಾರಂತ್ರಿ." ಬಿಚ್ಚಿದೆ. ನಮ್ಮ ಆಮಿಯಂಥದೇ ಕಾರಿನ ಎರಡು ಆರ್ಮ್. ಮೇಲೆ ಸುತ್ತದೆ ಇಟ್ಟ ಎಳೆ.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪನಿಗೂ ಅಜ್ಜಿಗೂ ಎಲ್ಲವನ್ನೂ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಆರು ವರ್ಷ ಹೊತ್ತದ್ದು ಅಷ್ಟು ಚಿಕ್ಕದಾಗಿತ್ತು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಆಗಿದ್ದು ಆತು," ಅಂದರು. "ಹೋದೋರಿಗೆ ಇನ್ನೇನು ಬೇಕೈತಿ? ಹೊರಗ ಹೇಳಿ ನಿನ್ನ ಹೆಸರು ಯಾಕ ಕೆಡಿಸ್ಕೋತಿ?"

ಅಜ್ಜಿ ತನ್ನ ಬಲ ಮುಂಗೈಯನ್ನು ತಿರುಗಿಸಿ ನೋಡಿಕೊಂಡಳು. "ನಂದು ನಲವತ್ತು ದಿನಕ್ಕ ಕೂಡಿತು," ಅಂದಳು. "ಅವಂದು ಕೂಡಲಿಲ್ಲ ನೋಡು." ಅಪ್ಪ ಎರಡನೆಯ ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಮೊದಲು ಗ್ಯಾರೇಜಿಗೆ ಹೋದೆ. ಈಗ ಅದನ್ನು ಅವರ ಅಳಿಯ ನಡೆಸುತ್ತಾನೆ. ಅವನೂ ಇನ್ನೂ ಮೂವರೂ ಕೆಲಸ ಹಚ್ಚಿದ್ದರು. ಚಹಾದವನು ಗ್ಲಾಸು ಎತ್ತುತ್ತಿದ್ದ. ಬಟ್ಟೆ ಬಿಚ್ಚಿ ಆರ್ಮುಗಳನ್ನು ಗಾಜಿನ ಮೇಲೆ ಇಟ್ಟೆ.

"ಅಳತಿ ಎಷ್ಟು ಬಂತ್ರಿ ಮೇಡಂ?" ಎಂದು ಅಳಿಯ ಕೇಳಿದ.

"ಅಳೀಲಿಲ್ಲ," ಎಂದೆ. "ನಿಮ್ಮ ಮಾವ ಜೋಡಿ ಮಾಡಿದ್ದು. ಅಳಿಯೋ ಅಗತ್ಯ ಇಲ್ಲ." ಆಮೇಲೆ ಉಳಿದದ್ದನ್ನು ಹೇಳಿದೆ. ಬಾಗಳಿಯಲ್ಲಿ ಗುದ್ದಿದ ಕಾರಿನ ಆರ್ಮಿನ ಗಂಟು ಬಿಚ್ಚಿದವಳು ನಾನು, ಜೋಡಿ ಬದಲಿಸಿದವಳು ನಾನು, ಮತ್ತೆ ಕಟ್ಟಿದವಳೂ ನಾನು ಎಂದು.

ಅವನು ನನ್ನನ್ನೇ ನೋಡಿದ. ಎದ್ದು ಹೋಗಿ ಗಾಳಿ ಹಾಕುವ ಕಂಪ್ರೆಸರನ್ನು ಬಂದ್ ಮಾಡಿದ.

"ಇನ್ನೊಮ್ಮಿ ಹೇಳ್ರಿ," ಅಂದ. "ಇವರಿಗೂ ಕೇಳ್ಲಿ."

ಇನ್ನೊಮ್ಮೆ, ಚಹಾದವನಿಗೂ ಕೇಳುವಷ್ಟು ಗಟ್ಟಿಯಾಗಿ, ಹೇಳಿದೆ.